ಪೈಪ್ ವೆಲ್ಡಿಂಗ್‌ಗೆ ಇಳಿಯೋದಾ ಬೇಡ್ವಾ: 60 ಕೂಪನ್ ಕೊಟ್ಟ ಉತ್ತರ

ಪ್ಲೇಟ್ ಮೇಲೆ ಕೈ ಕೂತವರು ಪೈಪ್‌ಗೆ ಹೋಗಲಾ ಅಂತ ಊರೆಲ್ಲ ಕೇಳ್ತಾರೆ. ನಾನು ಕೂಪನ್‌ನೇ ಕೇಳಿದೆ, ಅಂದರೆ ಎರಡು ಪೈಪ್ ತುಂಡು ಸೇರಿಸಿ ಹೊಡೆದ ಪರೀಕ್ಷೆಯ ಜಾಯಿಂಟನ್ನು. 2 ಇಂಚಿನ ಎಕ್ಸ್‌ಎಕ್ಸ್‌ಎಸ್‌ನಲ್ಲಿ (ತುಂಬಾ ದಪ್ಪ ಗೋಡೆಯ ಪೈಪ್) ನೇರ 6ಜಿ (ಪೈಪ್ 45 ಡಿಗ್ರಿ ಓರೆಯಾಗಿ ಕಟ್ಟಿ, ತಿರುಗಿಸದೆ ಹೊಡೆಯೋದು) ಅಂದಾಗ ಶಾಪ್‌ನಲ್ಲಿ ನಕ್ಕರು. 6 ಇಂಚು ಸಲೀಸಂತೆ. ಸಲೀಸು ನಿಜ, ಆದರೆ ಎಎಸ್‌ಎಂಇ ಕೋಡ್‌ನ ಸೆಕ್ಷನ್ 9ರ (ವೆಲ್ಡರ್ ಟೆಸ್ಟ್ ನಿಯಮ) ಪ್ರಕಾರ ಅದು ಪಾಸಾದರೂ 2 ಇಂಚಿಗೆ ಮತ್ತೆ ಟೆಸ್ಟ್. 2 ಇಂಚು ಪಾಸಾದರೆ ಹೊರವ್ಯಾಸ 25 ಮಿ.ಮೀ.ನಿಂದ ಮೇಲಕ್ಕೆ ತಕರಾರಿಲ್ಲ.

ಗುಜರಿಯಲ್ಲಿ ಸುಮಾರು 50 ಕೆ.ಜಿ. ಪೈಪ್ ತಂದು 150 ಮಿ.ಮೀ. ತುಂಡು ಮಾಡಿದರೆ 12 ಜೋಡಿ. ಕೊಯ್ದು, ಮತ್ತೆ ಬೆವೆಲ್ (ಅಂಚಿನ ಓರೆ) ಹೊಡೆದು ಒಂದೊಂದನ್ನು ಐದು ಸಲ ಬಳಸಬಹುದು. ಪೈಪ್‌ಗೆ ಮೂರೂವರೆ ಸಾವಿರ, ನಾಲ್ಕು ಸಿಲಿಂಡರ್ ಆರ್ಗಾನ್‌ಗೆ (ವೆಲ್ಡ್‌ಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್) ಐದು, ಮಷಿನ್ ಬಾಡಿಗೆಯೇ ಇಪ್ಪತ್ತರ ಹತ್ತಿರ. ವೈರ್, ರಾಡ್, ಮೂರು ಎಕ್ಸ್‌ರೇ ಸೇರಿ 38 ಸಾವಿರ ಆಗಿರಬೇಕು. ತರಬೇತಿಗೆ ಕೇಳಿದ್ದು ಇದರ ದುಪ್ಪಟ್ಟು.

ಮೊದಲ ಇಪ್ಪತ್ತೈದರಲ್ಲಿ ಒಂದೂ ಉಳಿಯಲಿಲ್ಲ. ಆರು ಗಂಟೆ ಜಾಗದಲ್ಲಿ, ಅಂದರೆ ಪೈಪ್‌ನ ತಳದಲ್ಲಿ, ರೂಟ್ (ಮೊದಲ ಪದರ) ಪೈಪ್ ಒಳಬದಿಯಲ್ಲಿ ಗುಳಿ ಬೀಳುತ್ತಿತ್ತು. ಕರೆಂಟ್ 110 ಆಂಪ್ಸ್ ಇತ್ತು. 90ಕ್ಕೆ ಇಳಿಸಿದರೂ ಅರ್ಧವೇ ಸರಿಹೋಯ್ತು. ಉಳಿದರ್ಧ ಎರಡು ತುಂಡಿನ ನಡುವಿನ ಗ್ಯಾಪ್‌ದು. ವೆಲ್ಡ್ ತಣಿದಂತೆ ಎದುರುಬದಿ ಮುಚ್ಚಿಕೊಂಡು 2.4 ಮಿ.ಮೀ. ವೈರ್ ತೂರುವುದೇ ಇಲ್ಲ. ಈಗ ಒಂದು ಬದಿ 2.5, ಇನ್ನೊಂದು 3.2 ಬಿಟ್ಟು, ಅಗಲದ ಬದಿಯನ್ನು ಕೊನೆಗೆ ಹೊಡೆಯುತ್ತೇನೆ. ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ವೆಲ್ಡ್) ತುದಿಗಳನ್ನು ಕೂದಲೆಳೆಯಷ್ಟು ತೆಳ್ಳಗೆ ಗ್ರೈಂಡ್ ಮಾಡಲೇಬೇಕು. ಕೆಳಗೆ ವೈರ್‌ನ್ನು ಒಳಗಿನಿಂದ ಕೊಡಬೇಕು. ಎಷ್ಟು ಬಗ್ಗಿಸಿ ಅನ್ನೋದು ಇಲ್ಲಿ ಬರೆಯಲ್ಲ, ಅದು ನನ್ನ ಅನ್ನ.

ಟಿಗ್ (ಆರ್ಗಾನ್‌ನಲ್ಲಿ ವೈರ್ ಕೊಟ್ಟು ಹೊಡೆಯೋದು) ಒಂದೇ ಲೇಯರ್ ಹಾಕಿ 7018 ರಾಡ್ ಹಚ್ಚಿದರೆ ರೂಟ್ ತೂತು. ಎರಡು ಲೇಯರ್, ಆಮೇಲೆ 2.5ರ ರಾಡ್. ಮಳೆಗಾಲದಲ್ಲಿ ರಾಡ್‌ನ್ನು 300 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸದೆ ಮುಟ್ಟಬೇಡಿ. ಟೇಬಲ್ ಫ್ಯಾನ್ ಗಾಳಿಗೆ ಆರ್ಗಾನ್ ಹಾರಿ ನಾಲ್ಕು ಕೂಪನ್ ಜರಡಿಯಾದವು.

ನಡುವೆ 6010 ರಾಡ್‌ನಲ್ಲಿ ಡೌನ್‌ಹಿಲ್ (ಮೇಲಿಂದ ಕೆಳಕ್ಕೆ) ರೂಟ್ ಕೂಡ ನೋಡಿದೆ. ಅದು ಊರೂರು ದಾಟುವ ಗ್ಯಾಸ್ ಲೈನ್‌ನವರ ಕೈ. ಎರಡು ಇಂಚಿಗೆ ದಂಡ.

ಎಕ್ಸ್‌ರೇ ಕೊನೆಗಷ್ಟೇ. ಅಲ್ಲಿಯವರೆಗೆ ಕೂಪನ್‌ನ್ನು ಪಟ್ಟಿ ಸೀಳಿ, ರೂಟ್ ಹೊರಕ್ಕೆ ಬರುವಂತೆ ಪ್ರೆಸ್‌ನಲ್ಲಿ ಬಗ್ಗಿಸಿದೆ. 3 ಮಿ.ಮೀ. ಮೀರಿ ಬಾಯಿ ಬಿಟ್ಟರೆ ಫೇಲ್.

ಹತ್ತು ಗಂಟೆ ಡ್ಯೂಟಿ ಮುಗಿದ ಮೇಲೆ, ಪೈಪ್ ಎದೆಮಟ್ಟಕ್ಕೆ ಕಟ್ಟಿ, ಒಂದು ಬದಿಗೆ ಗೋಡೆ ಇಟ್ಟು ಹೊಡೆದ ಕೊನೆಯ ಹತ್ತರಲ್ಲಿ ಎಂಟು ಪಾಸಾದರೆ ಇಳಿಯೋದು, ಇಲ್ಲದಿದ್ದರೆ ಫ್ಯಾಬ್ರಿಕೇಶನ್‌ನಲ್ಲೇ ಇರೋದು ಅಂತ ಮೊದಲೇ ಬರೆದಿಟ್ಟಿದ್ದೆ. ಒಂಬತ್ತು ಬಂತು. ಬೆಳಗ್ಗೆ, ಸೊಂಟದ ಮಟ್ಟದಲ್ಲಿ ಹೊಡೆದದ್ದು ಲೆಕ್ಕಕ್ಕಿಲ್ಲ. ಶಟ್‌ಡೌನ್‌ನಲ್ಲಿ (ರಿಪೇರಿಗೆ ಪ್ಲಾಂಟ್ ನಿಲ್ಲಿಸಿದಾಗ) 12 ಗಂಟೆ ಶಿಫ್ಟ್, ಜಾಯಿಂಟ್ ಇರೋದು ಕೈ ಹೋಗದ ಕಡೆಯೇ.

ದಿನಗೂಲಿಯನ್ನು 30ರಿಂದ ಗುಣಿಸಿ ಖುಷಿಪಡಬೇಡಿ. ವರ್ಷಕ್ಕೆ ಎಂಟು ತಿಂಗಳು ಹಿಡಿಯಿರಿ. ಕೆಲಸವಿಲ್ಲದೆ ಕೂತಾಗಲೂ ಆರು ತಿಂಗಳೊಳಗೆ ಟಿಗ್, ಆರ್ಕ್ (ರಾಡ್) ಎರಡರಲ್ಲೂ ಒಂದೊಂದು ಜಾಯಿಂಟ್ ಹೊಡೆದು ಲಾಗ್‌ಗೆ ಸಹಿ ಹಾಕಿಸಿ, ಇಲ್ಲವಾದರೆ ಸರ್ಟಿಫಿಕೇಟ್ ಸತ್ತಂತೆ.