ಪುಟ ತೆರೆಯುವ ಮೊದಲೇ ತೊಡಕು ಹಿಡಿಯಿರಿ

‘ಅರ್ಜಿ ಸಲ್ಲಿಸಿ’ ಬಟನ್ ಪುಟದಲ್ಲಿ ಅಂದವಾಗಿಯೇ ಕಾಣುತ್ತಿದೆ. ಮೌಸ್‌ನಲ್ಲಿ ಒತ್ತಿದರೆ ಕೆಲಸವನ್ನೂ ಮಾಡುತ್ತದೆ. ಆದರೆ ಟ್ಯಾಬ್ ಕೀ ಒತ್ತುತ್ತ ಹೋದವರಿಗೆ ಅದು ಸಿಗುವುದೇ ಇಲ್ಲ. ಕೋಡ್ ತೆರೆದರೆ ಗುಟ್ಟು ಬಯಲು: ಅದು ಬಟನ್ನೇ ಅಲ್ಲ, ಬಟನ್ ವೇಷ ಹಾಕಿದ ‘ಡಿವ್’, ಅಂದರೆ ಬರೀ ಡಬ್ಬಿಯಂಥ ಟ್ಯಾಗ್. ಕಣ್ಣು ಕಾಣದೆ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ (ಪರದೆಯನ್ನು ಓದಿ ಹೇಳುವ ತಂತ್ರಾಂಶ) ನೆಚ್ಚಿಕೊಂಡವರ ಅರ್ಜಿ ಅಲ್ಲಿಗೇ ನಿಂತಿತು. ಇಂಥದ್ದನ್ನು ಹಿಡಿಯಲು ಬ್ರೌಸರ್ ಬೇಕಿಲ್ಲ. ಬರೆಯುತ್ತಿರುವಾಗಲೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುವ ಲಿಂಟರ್‌ಗಳಿವೆ.

ಮೊದಲು ಸರಿಯಾದ ಲಿಂಟರ್ ಆರಿಸಿಕೊಳ್ಳಿ. ರಿಯಾಕ್ಟ್‌ನಲ್ಲಿ ಬರೆಯುವವರು ಜಾವಾಸ್ಕ್ರಿಪ್ಟ್ ಲಿಂಟರ್ ಆದ ಇಎಸ್‌ಲಿಂಟ್‌ಗೆ ‘ಜೆಎಸ್‌ಎಕ್ಸ್-ಎ11ವೈ’ ಪ್ಲಗಿನ್ ಸೇರಿಸಬೇಕು. (ಜೆಎಸ್‌ಎಕ್ಸ್ ಎಂದರೆ ರಿಯಾಕ್ಟ್‌ನಲ್ಲಿ ಪುಟದ ಟ್ಯಾಗ್‌ಗಳನ್ನು ಬರೆಯುವ ರೀತಿ. ಎ11ವೈ ಎಂದರೆ ಆಕ್ಸೆಸಿಬಿಲಿಟಿ, ಪುಟ ಎಲ್ಲರಿಗೂ ಬಳಸಲು ಬರುವಂತಿರುವುದು. ಅದರ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ, ಕೊನೆಯ ಅಕ್ಷರಗಳ ನಡುವೆ 11 ಅಕ್ಷರಗಳಿವೆ; ಹೆಸರು ಬಂದದ್ದು ಹಾಗೆ.) ರಿಯಾಕ್ಟ್‌ನಂಥವೇ ಆದ ವ್ಯೂ, ಆಂಗ್ಯುಲರ್‌ಗೂ ಇಂಥವಿವೆ. ಸ್ವೆಲ್ಟ್‌ನಲ್ಲಂತೂ ಕಂಪೈಲರೇ ಎಚ್ಚರಿಸುತ್ತದೆ.

ಕಾನ್ಫಿಗ್ ಕಡತದಲ್ಲಿ ‘ರೆಕಮೆಂಡೆಡ್’ ಪಟ್ಟಿಯನ್ನು ಚಾಲೂ ಮಾಡಿ ಒಮ್ಮೆ ಓಡಿಸಿ. ಹಳೆಯ ಪ್ರಾಜೆಕ್ಟ್ ಆದರೆ ದೂರುಗಳ ರಾಶಿಯೇ ಬಿದ್ದೀತು. ಆಗ ನಿಯಮಗಳನ್ನು ಬರೀ ಎಚ್ಚರಿಸುವ ‘ವಾರ್ನ್’ ಮಟ್ಟಕ್ಕೆ ಇಳಿಸಿ, ಜನ ಹೆಚ್ಚು ಬಳಸುವ ಲಾಗಿನ್, ಅರ್ಜಿ ಪುಟಗಳಿಂದ ತಿದ್ದಲು ಶುರು ಮಾಡಿ.

ತಿದ್ದುವಾಗ ತೇಪೆ ಹಾಕಬೇಡಿ. ಡಿವ್‌ಗೆ ರೋಲ್ (ತಾನು ಬಟನ್ ಎನ್ನುವ ಗುರುತು), ಟ್ಯಾಬ್‌ಇಂಡೆಕ್ಸ್ (ಟ್ಯಾಬ್‌ಗೆ ಸಿಗುವಂತೆ ಮಾಡುವುದು), ಕೀಡೌನ್ (ಕೀ ಒತ್ತಿದಾಗ ಕೆಲಸ ಮಾಡುವುದು) ಎಲ್ಲ ಅಂಟಿಸಿದರೆ ಲಿಂಟರ್ ಸುಮ್ಮನಾಗುತ್ತದೆ, ನಿಜ. ಆದರೆ ಅಸಲಿ ಬಟನ್ ಟ್ಯಾಗ್ ಬರೆದರೆ ಈ ಮೂರೂ ಬಿಟ್ಟಿ ಸಿಗುತ್ತವೆ. ಚಿತ್ರಕ್ಕೆ ‘ಆಲ್ಟ್’ (ಚಿತ್ರದ ಬದಲು ಓದಿ ಹೇಳುವ ಮಾತು) ಇಲ್ಲವೆಂದು ಲಿಂಟರ್ ದೂರಿದರೆ ಅಲ್ಲಿ ಚಿತ್ರದ ಅರ್ಥ ಬರೆಯಿರಿ. ಬರೀ ಅಲಂಕಾರದ್ದಾದರೆ ಆಲ್ಟ್ ಖಾಲಿ ಬಿಡಿ, ತೆಗೆದುಹಾಕಬೇಡಿ. ತೆಗೆದರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಓದಿಬಿಡುತ್ತವೆ. ಇನ್ನು, ಲೇಬಲ್ ಇಲ್ಲದೆ ಪ್ಲೇಸ್‌ಹೋಲ್ಡರ್ (ಖಾಲಿ ಚೌಕದೊಳಗಿನ ಮಸುಕು ಸುಳಿವು) ಒಂದನ್ನೇ ಇಟ್ಟ ಇನ್‌ಪುಟ್‌ಗಳನ್ನು ‘ರೆಕಮೆಂಡೆಡ್’ ಪಟ್ಟಿ ಹಿಡಿಯದು. ಅವನ್ನು ನೀವೇ ಹುಡುಕಬೇಕು.

ನೀವೇ ಹೆಸರಿಟ್ಟು ಕಟ್ಟಿಕೊಂಡ ಕಾಂಪೊನೆಂಟ್‌ಗಳಿದ್ದರೆ (ಪುಟದ ಬಿಡಿಭಾಗಗಳು), ಉದಾಹರಣೆಗೆ ‘ಊರಿನಪಟ್ಟಿ’ ಎಂಬುದು ಒಳಗೆ ಇನ್‌ಪುಟ್ ಎಂದು, ಸೆಟ್ಟಿಂಗ್ಸ್‌ನಲ್ಲಿ ಹೇಳಿಕೊಡಿ. ಹೇಳದಿದ್ದರೆ ಲಿಂಟರ್‌ಗೆ ಅದು ಅಪರಿಚಿತ. ಆಮೇಲೆ ಹಸ್ಕಿ, ಲಿಂಟ್-ಸ್ಟೇಜ್ಡ್ ಎಂಬ ಸಾಧನಗಳನ್ನು ಜೋಡಿಸಿದರೆ ಪ್ರತಿ ಕಮಿಟ್‌ಗೂ (ಗಿಟ್‌ನಲ್ಲಿ ಬದಲಾವಣೆ ದಾಖಲಿಸುವಾಗ) ಬದಲಾದ ಕಡತಗಳಷ್ಟೇ ತಪಾಸಣೆಯಾಗುತ್ತವೆ.

ಬಣ್ಣದ ವ್ಯತ್ಯಾಸ ಮಾತ್ರ ಇಲ್ಲಿ ಸಿಗದು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕೆಂದು ಆಕ್ಸೆಸಿಬಿಲಿಟಿಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿಯ ಎಎ ಮಟ್ಟ ಹೇಳುತ್ತದೆ. ಅದನ್ನು ಪುಟ ಮೂಡಿದ ಮೇಲೆಯೇ ಅಳೆಯಬೇಕು.

ಕನ್ನಡ ಪುಟ ಮಾಡುವವರಿಗೆ ಇನ್ನೆರಡು ಕೆಲಸ ಉಂಟು. ಹೊಸ ಪ್ರಾಜೆಕ್ಟ್ ಶುರುಮಾಡಿಕೊಡುವ ವೀಟ್‌ನಂಥ ಸಾಧನ ಕೊಡುವ ಇಂಡೆಕ್ಸ್ ಕಡತದಲ್ಲಿ, ಪುಟದ ಭಾಷೆ ಹೇಳುವ ‘ಲ್ಯಾಂಗ್’ ಎದುರು ಇಂಗ್ಲಿಷಿನ ‘ಇಎನ್’ ಮೊದಲೇ ಕೂತಿರುತ್ತದೆ. ಅದು ಜೆಎಸ್‌ಎಕ್ಸ್ ಅಲ್ಲವಾದ್ದರಿಂದ ಪ್ಲಗಿನ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ‘ಕೆಎನ್’ ಮಾಡದಿದ್ದರೆ ಸ್ಕ್ರೀನ್ ರೀಡರ್ ಕನ್ನಡವನ್ನು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಟು ಮುಗ್ಗರಿಸಬಹುದು. ಎರಡನೆಯದು ಆಲ್ಟ್‌ನ ಮಾತು. ಸ್ಕ್ರೀನ್ ರೀಡರ್ ತಾನೇ ‘ಚಿತ್ರ’ ಎಂದು ಸಾರುವುದರಿಂದ ಆಲ್ಟ್‌ನಲ್ಲೂ ಹಾಗೆ ಬರೆದರೆ ಎರಡು ಸಲ ಕೇಳುತ್ತದೆ. ಇದನ್ನು ಹಿಡಿಯಲು ಪ್ಲಗಿನ್‌ನಲ್ಲೊಂದು ನಿಯಮವಿದೆ, ಆದರೆ ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ಪದಗಳು. ‘ಚಿತ್ರ’, ‘ಫೋಟೊ’ಗಳನ್ನು ಆ ನಿಯಮದ ಪದಪಟ್ಟಿಗೆ ನೀವೇ ಸೇರಿಸಿ. ಹೆಸರಿನಲ್ಲೇ ‘ಚಿತ್ರ’ ಇರುವ ಚಿತ್ರದುರ್ಗದ ಕೋಟೆಯ ಆಲ್ಟ್‌ಗೂ ಅದು ತಕರಾರು ತೆಗೆದರೆ, ಆ ಒಂದು ಸಾಲಿಗೆ ವಿನಾಯಿತಿ ಕೊಡಿ.