ತುಮಕೂರಿನಲ್ಲಿ ಕೂತು ಕಡಲು ಓದುವುದು: ತಣ್ಣಗಿರುವ ವಾರದಲ್ಲಿ ಸರ್ಫಿಂಗ್‌ಗೆ ಹೊರಡುವ ಮುಂಚೆ

ತುಮಕೂರಿನಿಂದ ಮಂಗಳೂರು ಕಡೆಯ ಕಡಲಿಗೆ ಸುಮಾರು 300 ಕಿಲೋಮೀಟರ್. ಸರ್ಫಿಂಗ್‌ಗೆ, ಅಂದರೆ ಬೋರ್ಡ್ ಮೇಲೆ ನಿಂತು ಅಲೆ ಸವಾರಿ ಮಾಡಲು, ಶುಕ್ರವಾರ ರಾತ್ರಿ ಊಟ ಮುಗಿಸಿ ಹೊರಟರೆ ಶನಿವಾರ ಬೆಳಗ್ಗೆ ಮೂಲ್ಕಿಯಲ್ಲಿ ಇರಬಹುದು. ಇಷ್ಟು ದೂರ, ಘಾಟಿ ತಿರುವುಗಳಲ್ಲಿ ನಿದ್ದೆ ಕೆಟ್ಟು ಹೋಗಿ ನೋಡಿದರೆ ನೀರು ಹಾಸಿದ ಚಾಪೆ ಹಾಗೆ ಮಲಗಿದ್ದರೆ ಬೇಜಾರಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕಡಲು ತಣ್ಣಗೆ, ಶಾಂತವಾಗಿದೆ ಅಂದುಕೊಂಡು ಇಳಿದ ಮೇಲೆ ಅದು ತಣ್ಣಗಿಲ್ಲ ಅಂತ ಗೊತ್ತಾಗುವುದು. ನನಗೆ ಎರಡೂ ಆಗಿವೆ. ಅಲ್ಲಿಂದ ಈಚೆಗೆ, ಬುಧವಾರ ರಾತ್ರಿ ಅರ್ಧ ಗಂಟೆ ಕೂತು ಕಡಲಿನ ಮುನ್ಸೂಚನೆ ಓದದೆ ನಾನು ಟಿಕೆಟ್ ಮಾಡಿಸುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಏನು ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯವರು ಬಾವಿಯಲ್ಲಿ, ಕೆರೆಯಲ್ಲಿ ಈಜು ಕಲಿತವರು. ಬೆನ್ನಿಗೆ ಬೆಂಡು ಕಟ್ಟಿಕೊಂಡು ಕಲಿತ ಈಜು ಗಟ್ಟಿಯಾಗೇ ಇರುತ್ತದೆ. ಆದರೆ ಬಾವಿ ನೀರು ನಿಮ್ಮನ್ನು ಎಲ್ಲಿಗೂ ಎಳೆದುಕೊಂಡು ಹೋಗುವುದಿಲ್ಲ. ಕಡಲು ಎಳೆಯುತ್ತದೆ.

ಮೊದಲು ಕಾಲದ ವಿಷಯ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕರಾವಳಿಯ ಕಡಲು ಹೊಸಬರಿಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ, ಇನ್ನು ನಾವ್ಯಾರು? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಡಲು ಸಾಮಾನ್ಯವಾಗಿ ಶಾಂತ. ಅಲೆ ಸಣ್ಣದು, ಆಕಾಶ ಸ್ವಚ್ಛ, ಬೆಳಗಿನ ಹೊತ್ತು ನೀರಿನ ಮೇಲೆ ಒಂದು ಗೆರೆಯೂ ಇರುವುದಿಲ್ಲ. ದೊಡ್ಡ ಅಲೆ ಬೇಕು ಅನ್ನುವವರಿಗೆ ಇದು ಬೋರು ಹೊಡೆಸುವ ಕಾಲ. ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಯನ್ನು ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಇಟ್ಟುಕೊಳ್ಳುವುದು ನೋಡಿದರೆ ದೊಡ್ಡ ಅಲೆ ಯಾವಾಗ ಬರುತ್ತದೆ ಅಂತ ತಿಳಿಯುತ್ತದೆ ಅಲ್ವಾ. ಆದರೆ ಕಲಿಯುವವರಿಗೆ ಈ ತಣ್ಣನೆಯ ತಿಂಗಳುಗಳೇ ಸುಗ್ಗಿ. ಮೂಲ್ಕಿಯಲ್ಲಿ ಹೇಳಿಕೊಡುವವರೂ ಇದ್ದಾರೆ. ದೇಶದ ಮೊದಲ ಸರ್ಫ್ ಕ್ಲಬ್ ಅನ್ನಿಸಿಕೊಂಡ ಮಂತ್ರ ಸರ್ಫ್ ಕ್ಲಬ್ 2004ರಲ್ಲಿ ಅಲ್ಲೇ ಶುರುವಾಗಿದ್ದು.

ಈಗ ಫೋನ್ ತೆಗೆಯಿರಿ. ಗಾಳಿ, ಅಲೆಯ ಮುನ್ಸೂಚನೆ ತೋರಿಸುವ ಆ್ಯಪ್ ಬೇಕು: ವಿಂಡಿ, ವಿಂಡ್‌ಗುರು, ಸರ್ಫ್‌ಲೈನ್, ಯಾವುದಾದರೂ ಸರಿ. ಹುಡುಕುವ ಜಾಗದಲ್ಲಿ ಮೂಲ್ಕಿ ಅಥವಾ ಮಂಗಳೂರು ಹಾಕಿ. ಬರುವ ಅಂಕಿಗಳಲ್ಲಿ ಎಲ್ಲರ ಕಣ್ಣೂ ಮೊದಲು ಹೋಗುವುದು ಅಲೆಯ ಎತ್ತರಕ್ಕೆ. ಅದನ್ನೊಂದನ್ನೇ ನೋಡಿ ಮುಚ್ಚಿಡುವುದು ದೊಡ್ಡ ತಪ್ಪು.

ಎತ್ತರ ಅಂತ ತೋರಿಸುವುದು ಆ ಹೊತ್ತಿನ ಎಲ್ಲಾ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗದ ಸರಾಸರಿ. ಅಂದರೆ 0.8 ಮೀಟರ್ ಅಂತ ಇದ್ದರೆ ಹೆಚ್ಚಿನ ಅಲೆಗಳು ಅದಕ್ಕಿಂತ ಸಣ್ಣವು, ಆದರೆ ಆಗೊಂದು ಈಗೊಂದು ಅದರ ಹತ್ತಿರ ಹತ್ತಿರ ಎರಡರಷ್ಟು ಬರಬಹುದು. ಇದು ಮೊದಲು ತಲೆಯಲ್ಲಿರಲಿ.

ಎತ್ತರದ ಪಕ್ಕದಲ್ಲಿ ಸೆಕೆಂಡ್ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ. ಅದು ಪಿರಿಯಡ್. ಒಂದು ಅಲೆ ಬಂದ ಮೇಲೆ ಇನ್ನೊಂದು ಬರಲು ಹಿಡಿಯುವ ಹೊತ್ತು. ನನ್ನ ಮಟ್ಟಿಗೆ ಇಡೀ ಮುನ್ಸೂಚನೆಯಲ್ಲಿ ಮುಖ್ಯವಾದದ್ದು ಇದೇ. ಗಾಳಿ ಬೀಸುವಾಗ ತುಮಕೂರು ಅಮಾನಿಕೆರೆಯ ಏರಿ ಮೇಲೆ ನಿಂತು ನೋಡಿ. ಪುಟ್ಟ ಪುಟ್ಟ ಅಲೆಗಳು ಒಂದರ ಹಿಂದೆ ಒಂದು ಪಟಪಟ ಬರುತ್ತವೆ, ಗಾಳಿ ನಿಂತರೆ ಅವೂ ನಿಲ್ಲುತ್ತವೆ. ಹತ್ತಿರದ ಗಾಳಿ ಎಬ್ಬಿಸಿದ ಅಲೆ ಕಡಲಲ್ಲೂ ಹೀಗೇ, 4ರಿಂದ 7 ಸೆಕೆಂಡ್ ಅಂತರದ್ದು. ಎಲ್ಲೋ ಸಾವಿರಾರು ಕಿಲೋಮೀಟರ್ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಬೇರೆ ಜಾತಿ. ಅದು ದಾರಿಯುದ್ದಕ್ಕೂ ಸೋಸಿಕೊಂಡು, ಸಾಲು ಹಿಡಿದು, 12 ಸೆಕೆಂಡಿಗೋ 15 ಸೆಕೆಂಡಿಗೋ ಒಂದರಂತೆ ಬರುತ್ತದೆ. ಇದನ್ನೇ ಸ್ವೆಲ್ ಅನ್ನುವುದು.

ಎತ್ತರ ಒಂದೇ ಇದ್ದರೂ ಇವೆರಡರ ಬಲ ಒಂದೇ ಅಲ್ಲ. 6 ಸೆಕೆಂಡಿನ ಅಲೆಗಿಂತ 12 ಸೆಕೆಂಡಿನ ಅಲೆ ಎರಡರಷ್ಟು ಶಕ್ತಿ ಹೊತ್ತು ತರುತ್ತದೆ. ಉದ್ದದಲ್ಲಂತೂ ಅಜಗಜಾಂತರ. ಆಳದ ಕಡಲಲ್ಲಿ 6 ಸೆಕೆಂಡಿನ ಅಲೆಯ ಉದ್ದ ಸುಮಾರು 56 ಮೀಟರ್, 14 ಸೆಕೆಂಡಿನದು 300 ಮೀಟರ್ ದಾಟುತ್ತದೆ. ಅಲೆ ತನ್ನ ಉದ್ದದ ಅರ್ಧದಷ್ಟು ಆಳದವರೆಗೂ ನೀರನ್ನು ಅಲುಗಾಡಿಸುತ್ತದೆ. ಹಾಗಾಗಿ ಉದ್ದನೆಯ ಅಲೆಗೆ ಕಡಲ ತಳ ದೂರದಿಂದಲೇ ತಗಲುತ್ತದೆ, ದಡ ಹತ್ತಿರವಾದಂತೆ ವೇಗ ಕಳೆದುಕೊಂಡು ಮೇಲಕ್ಕೆ ಏಳುತ್ತದೆ. ಅಪ್ಲಿಕೇಶನ್‌ನಲ್ಲಿ ಸಣ್ಣದಾಗಿ ಕಂಡ ಅಂಕಿ ದಡದಲ್ಲಿ ಎದೆಯುದ್ದ ನಿಲ್ಲುವುದು ಹೀಗೆ.

ನಾನು ಇದನ್ನು ಕಲಿತಿದ್ದು ಒಂದು ಏಪ್ರಿಲ್ ತಿಂಗಳಲ್ಲಿ. ಎತ್ತರ 0.7 ಮೀಟರ್ ಅಂತ ಇತ್ತು, ಪಕ್ಕದ 15 ಸೆಕೆಂಡ್ ಅನ್ನುವುದಕ್ಕೆ ನಾನು ಬೆಲೆ ಕೊಡಲಿಲ್ಲ. ದಡಕ್ಕೆ ಹೋದಾಗ ನೀರು ಕನ್ನಡಿ ಹಾಗಿತ್ತು. ಐದು ನಿಮಿಷ ನೋಡಿ ಇಳಿದೆ. ಸುಮಾರು ಹತ್ತು ನಿಮಿಷದ ಮೇಲೆ ಒಂದರ ಹಿಂದೆ ಒಂದು ಐದು ಅಲೆ ಬಂದವು, ಎರಡನೆಯದು ನನ್ನನ್ನು ಎತ್ತಿ ಮರಳಿಗೆ ಹಾಕಿತು. ಭುಜದ ನೋವು ಹೋಗಲು ತಿಂಗಳು ಹಿಡಿಯಿತು. ದೂರದ ಸ್ವೆಲ್ ಬರುವುದೇ ಹಾಗೆ, ಗುಂಪು ಗುಂಪಾಗಿ, ನಡುವೆ ಉದ್ದನೆಯ ಬಿಡುವು ಕೊಟ್ಟು. ಆ ಬಿಡುವಿನಲ್ಲಿ ನೋಡಿದರೆ ಕಡಲು ಮಲಗಿದೆ ಅನ್ನಿಸುತ್ತದೆ. ಅದಕ್ಕೇ ಈಗ ದಡದಲ್ಲಿ ಕನಿಷ್ಠ 20 ನಿಮಿಷ ಸುಮ್ನೆ ಕೂತು ನೋಡಿದ ಮೇಲೆಯೇ ನೀರಿಗೆ ಕಾಲಿಡುತ್ತೇನೆ.

ದಿಕ್ಕನ್ನೂ ನೋಡಿ. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ವಾಯವ್ಯದಿಂದ ಬರುವ ಸಣ್ಣ ಸ್ವೆಲ್ ಸಾಮಾನ್ಯ. ಪರ್ಶಿಯನ್ ಕೊಲ್ಲಿ ಕಡೆ ಬೀಸುವ ಶಮಾಲ್ ಅನ್ನುವ ಗಾಳಿ ಎಬ್ಬಿಸುವ ಅಲೆ ಅದು, ಅಂತರ ಕಡಿಮೆ, ಬಲವೂ ಕಡಿಮೆ. ತೆಂಕಣದಿಂದ ಅಥವಾ ನೈಋತ್ಯದಿಂದ ಉದ್ದ ಅಂತರದ ಅಲೆ ಬರುತ್ತಿದ್ದರೆ ಅದು ದಕ್ಷಿಣ ಹಿಂದೂ ಮಹಾಸಾಗರದ್ದು. 15 ಸೆಕೆಂಡಿನ ಸ್ವೆಲ್ ದಿನಕ್ಕೆ ಸುಮಾರು 1000 ಕಿಲೋಮೀಟರ್ ಸಾಗುತ್ತದೆ. ಅಷ್ಟು ದೂರದಿಂದ ಬರಲು ದಿನಗಟ್ಟಲೆ ಬೇಕು. ಆದ್ದರಿಂದಲೇ ಬುಧವಾರವೇ ಶನಿವಾರದ ಅಲೆಯನ್ನು ನಂಬಿಕೆಯಿಂದ ಹೇಳಲು ಆಗುವುದು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೇರಳದವರು ಕಳ್ಳಕ್ಕಡಲ್ ಅನ್ನುತ್ತಾರೆ. ಕನ್ನಡದಲ್ಲೂ ಅದೇ ಅರ್ಥ, ಕಳ್ಳ ಕಡಲು. ಇಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ಮಳೆ ಇಲ್ಲ, ಆದರೂ ದೂರದ ತೆಂಕಣ ಸಾಗರದ ಬಿರುಗಾಳಿಯ ಅಲೆ ಬಂದು ದಡ ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚ್‌ನಲ್ಲಿ ಐದು ಜನ ಮೆಡಿಕಲ್ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಆ ದಿನಗಳಿಗೆ ಎಚ್ಚರಿಕೆ ಹೊರಟಿತ್ತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಡೀ ದೇಶದ ಕರಾವಳಿಗೆ ಇಂಥ ಎಚ್ಚರಿಕೆ ಕೊಡುತ್ತದೆ. ಆ್ಯಪ್‌ನ ಅಂಕಿ ಎಷ್ಟೇ ಚೆನ್ನಾಗಿರಲಿ, ಇನ್‌ಕಾಯ್ಸ್ ಪುಟದಲ್ಲಿ ದಕ್ಷಿಣ ಕನ್ನಡ, ಉಡುಪಿ ಕಡೆಗೆ ಎತ್ತರದ ಅಲೆ ಅಥವಾ ಸ್ವೆಲ್ ಎಚ್ಚರಿಕೆ ಇದ್ದರೆ ಪ್ರಯಾಣ ಮುಂದೂಡಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಸೂಚನೆಯನ್ನೂ ಒಮ್ಮೆ ಓದಿ. ಮೀನುಗಾರರಿಗೆ ಬೇಡ ಅಂದ ದಿನ ನಮಗೂ ಬೇಡ.

ಗಾಳಿ ವಿಷಯಕ್ಕೆ ನಮ್ಮವರು ಹುಷಾರು. ಕಣದಲ್ಲಿ ರಾಗಿ ತೂರಿದವರಿಗೆ ಗಾಳಿ ಯಾವ ಕಡೆಯಿಂದ ಅಂತ ಹೇಳಿಕೊಡಬೇಕಾಗಿಲ್ಲ. ಮುನ್ಸೂಚನೆಯಲ್ಲಿ ಗಾಳಿಯ ದಿಕ್ಕು ಅಂದರೆ ಅದು ಹೊರಟು ಬರುವ ದಿಕ್ಕು. ಪೂರ್ವದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖವನ್ನು ಎತ್ತಿ ಹಿಡಿದು ನುಣುಪು ಮಾಡುತ್ತದೆ. ಪಶ್ಚಿಮದ ಗಾಳಿ ಅಲೆಯನ್ನು ಹಿಂದಿನಿಂದ ತಳ್ಳಿ ಚೂರು ಚೂರು ಮಾಡುತ್ತದೆ. ತಣ್ಣನೆಯ ದಿನಗಳಲ್ಲಿ ಇದಕ್ಕೆ ಗಡಿಯಾರದ ಹಾಗೆ ಒಂದು ಲಯ ಇರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಬೆಳಗಿನ ಜಾವ ತಂಗಾಳಿ ಕಡಲ ಕಡೆಗೆ ಹೋಗುತ್ತಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಹನ್ನೊಂದು ಹನ್ನೆರಡರ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬರಲು ಶುರುವಾಗುತ್ತದೆ. ಅಂದರೆ ನಿಮಗೆ ಸಿಗುವುದು ಬೆಳಗಿನ ಆರರಿಂದ ಹತ್ತೂವರೆ. ಅಷ್ಟು ದೂರದಿಂದ ಹೋಗಿ ಒಂಬತ್ತಕ್ಕೆ ಎದ್ದು, ತಿಂಡಿ ತಿಂದು ಬೀಚಿಗೆ ಹೋದರೆ ಆ ದಿನ ಮುಗಿದ ಹಾಗೆ. ವೇಗವನ್ನು ಕೆಲವು ಕಡೆ ನಾಟ್‌ನಲ್ಲಿ ಕೊಡುತ್ತಾರೆ, ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಪಡುವಣ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದರೆ ಕಲಿಯುವವರಿಗೆ ಕಷ್ಟವೇ.

ಉಬ್ಬರ ಇಳಿತ ನೋಡುವುದು ಸುಲಭ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜಾಸ್ತಿ, ಅಷ್ಟಮಿ ಹತ್ತಿರ ಕಡಿಮೆ. ಗೋಡೆಯ ಪಂಚಾಂಗವೇ ಸಾಕು. ಅಲೆ ತನ್ನ ಎತ್ತರದ ಸುಮಾರು 1.3ರಷ್ಟು ಆಳಕ್ಕೆ ಬಂದಾಗ ಮುರಿಯುತ್ತದೆ. ಸಣ್ಣ ಅಲೆಯ ದಿನ ಪೂರ್ತಿ ಉಬ್ಬರ ಇದ್ದರೆ ಅದು ಮುರಿಯದೆ ದಡದವರೆಗೂ ಬಂದು, ಕೊನೆಗೆ ಮರಳಿನ ಮೇಲೇ ಧಡ್ ಅಂತ ಬೀಳುತ್ತದೆ. ಆದ್ದರಿಂದ ಇಂಥ ವಾರದಲ್ಲಿ ಇಳಿತ ಮುಗಿದು ಉಬ್ಬರ ಏರುತ್ತಿರುವ ಹೊತ್ತು ನನಗೆ ಇಷ್ಟ.

ಸಸಿಹಿತ್ಲುವಿಗೆ ಹೋಗುವವರು ಇದನ್ನು ಇನ್ನೂ ಗಮನ ಕೊಟ್ಟು ನೋಡಬೇಕು. ಅಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಇದೆ. ಇಳಿತದ ಹೊತ್ತಿನಲ್ಲಿ ನದಿ ನೀರೂ, ಕಡಲು ಹಿಂದೆಗೆಯುವ ನೀರೂ ಸೇರಿ ಹೊರಕ್ಕೆ ಎಳೆಯುತ್ತವೆ. ಮೇಲಿಂದ ನೋಡಿದರೆ ಅಲೆಯೇ ಇಲ್ಲದ ತಣ್ಣನೆಯ ಜಾಗ, ಮಕ್ಕಳನ್ನು ಇಳಿಸೋಣ ಅನ್ನಿಸುತ್ತದೆ. ಬೇಡವೇ ಬೇಡ. ಬರೀ ಬೀಚಿನಲ್ಲೂ ಎರಡು ಕಡೆ ಬಿಳಿ ನೊರೆ ಇದ್ದು ನಡುವೆ ಮಾತ್ರ ಕಪ್ಪಗೆ, ಅಲೆ ಮುರಿಯದೆ ಇರುವ ಓಣಿ ಕಂಡರೆ ಅದು ಹೊರಕ್ಕೆ ಹರಿಯುವ ಸೆಳೆತ. ಸಿಕ್ಕಿಕೊಂಡರೆ ಸೆಳೆತಕ್ಕೆ ಎದುರಾಗಿ ನೇರ ದಡದ ಕಡೆಗೆ ಈಜಬೇಡಿ, ಸುಸ್ತಾಗಿ ಮುಳುಗುವುದು ಅದರಿಂದಲೇ. ಬೋರ್ಡ್ ಬಿಡಬೇಡಿ, ಕೈ ಎತ್ತಿ ಕರೆಯಿರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ನೊರೆ ಇರುವ ಕಡೆಯಿಂದ ಒಳಗೆ ಬನ್ನಿ.

ಇಷ್ಟನ್ನೂ ಸೇರಿಸಿ ಓದುವುದು ಹೇಗೆ ಅಂತ ತಿಳಿಯಲು ನಾನೇ ಎರಡು ದಿನದ ಅಂಕಿ ಹಾಕುತ್ತೇನೆ. ಶನಿವಾರ: 0.6 ಮೀಟರ್, 9 ಸೆಕೆಂಡ್, ಪಶ್ಚಿಮದಿಂದ, ಬೆಳಗ್ಗೆ ಪೂರ್ವದ ಗಾಳಿ ಗಂಟೆಗೆ 7 ಕಿಲೋಮೀಟರ್, ಆರೂವರೆಗೆ ಇಳಿತ. ಕಣ್ಣು ಮುಚ್ಚಿಕೊಂಡು ಟಿಕೆಟ್ ಮಾಡಿಸಿ, ಸೊಂಟದುದ್ದದ ನುಣುಪಾದ ಅಲೆ ಸಿಗುವ ದಿನ ಅದು. ಭಾನುವಾರ: 0.4 ಮೀಟರ್, 5 ಸೆಕೆಂಡ್, ವಾಯವ್ಯದಿಂದ. ಇದರಲ್ಲಿ ಹೆಚ್ಚೇನೂ ಇಲ್ಲ, ಅಲೆ ಬೋರ್ಡ್ ತಳ್ಳುವುದಿಲ್ಲ. ಅದೇ ಭಾನುವಾರ 0.5 ಮೀಟರ್, 16 ಸೆಕೆಂಡ್, ನೈಋತ್ಯದಿಂದ ಅಂತ ಇದ್ದರೆ? ಎತ್ತರ ನೋಡಿದರೆ ಎರಡೂ ಒಂದೇ ಥರ. ಆದರೆ ಈ ದಿನ ಹೊಸಬರು ಹೇಳಿಕೊಡುವವರಿಲ್ಲದೆ ಇಳಿಯಬಾರದು. ವಿಂಡಿಯಲ್ಲಿ ಬೇರೆ ಬೇರೆ ಮಾಡೆಲ್, ಅಂದರೆ ಮುನ್ಸೂಚನೆ ಲೆಕ್ಕ ಹಾಕುವ ಬೇರೆ ಬೇರೆ ಕಂಪ್ಯೂಟರ್ ವಿಧಾನ, ಹಾಕಿ ನೋಡುವ ಅನುಕೂಲ ಇದೆ. ಎರಡು ಮಾಡೆಲ್ ಒಂದೇ ಮಾತು ಹೇಳಿದರೆ ಧೈರ್ಯ, ಬೇರೆ ಬೇರೆ ಹೇಳಿದರೆ ಗುರುವಾರ ರಾತ್ರಿ ಇನ್ನೊಮ್ಮೆ ನೋಡಿ. ಏಳು ದಿನ ಆಚೆಯದನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಸಣ್ಣ ಅಲೆಗೆ ದೊಡ್ಡ ಬೋರ್ಡ್. ಬಾಡಿಗೆಗೆ ಕೇಳುವಾಗ 8 ಅಥವಾ 9 ಅಡಿಯ ಮೆತ್ತನೆಯ ಬೋರ್ಡ್ ಕೇಳಿ, ಕಾಲಿಗೆ ಕಟ್ಟುವ ಹಗ್ಗ ಗಟ್ಟಿಯಾಗಿದೆಯಾ ಅಂತ ಎಳೆದು ನೋಡಿ. ನೀರು ಬೆಚ್ಚಗೇ ಇರುತ್ತದೆ, ಆದರೆ ಬಿಸಿಲು ಬೆನ್ನು ಸುಡುತ್ತದೆ, ತುಂಬು ತೋಳಿನ ಬಿಗಿ ಅಂಗಿ ಇರಲಿ. ಹೊರಡುವ ವಾರ ಮನೆಯಲ್ಲೇ ಚಾಪೆ ಹಾಸಿ, ಬೋರಲು ಮಲಗಿ, ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿ. ನೀರಿನಲ್ಲಿ ಅದಕ್ಕೆ ಸಿಗುವುದು ಒಂದೆರಡು ಸೆಕೆಂಡ್ ಅಷ್ಟೇ.

ಎಲ್ಲಾ ಲೆಕ್ಕ ಹಾಕಿ ಹೋದರೂ ಕೆಲವೊಮ್ಮೆ ಕಡಲು ಪೂರ್ತಿ ಮಲಗಿರುತ್ತದೆ. ಆಗ ಬೋರ್ಡ್ ಮೇಲೆ ಮಲಗಿ ಕೈಯಲ್ಲಿ ಹುಟ್ಟು ಹಾಕುವುದನ್ನು ಕಲಿಯಿರಿ, ತೋಳಿಗೆ ಬಲ ಬರುವುದು ಅಲ್ಲೇ. ಇಲ್ಲವಾದರೆ ಶಾಂಭವಿ ನದಿಯ ಒಳಭಾಗಕ್ಕೆ ಹೋಗಿ, ನಿಂತುಕೊಂಡು ಹುಟ್ಟು ಹಾಕುವ ಬೋರ್ಡ್ ಬಾಡಿಗೆಗೆ ಸಿಕ್ಕರೆ ಹತ್ತಿ. ಎರಡೂ ಕಡೆ ತೆಂಗಿನ ತೋಟ. ತಿಪಟೂರು ಕಡೆಯವರಿಗೆ ಮನೆಗೆ ಬಂದ ಹಾಗೇ ಆಗುತ್ತದೆ, ನೀರೊಂದು ಮಾತ್ರ ಉಪ್ಪು. ಹನ್ನೊಂದಕ್ಕೆ ಗಾಳಿ ತಿರುಗುತ್ತದೆ. ಅಷ್ಟೊತ್ತಿಗೆ ಬೋರ್ಡ್ ತೊಳೆದು ನೆರಳಿಗೆ ಇಟ್ಟು, ಮರುದಿನದ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿ ಅಲಾರಂ ಇಟ್ಟುಕೊಳ್ಳಿ.