ಸೌತೆ ಬೀಜಕ್ಕೆ ಒಲೆ ಬೂದಿ

ಗದ್ದೆ ಕೊಯ್ಲು ಮುಗಿದು, ತೋಡಿಗೆ ಕಟ್ಟ ಹಾಕಿ, ತರಕಾರಿ ಸಾಲು ಮಾಡುವ ಹೊತ್ತು. ಪಕ್ಕದ ಮನೆಯ ಸೊಸೆ ಬಂದು ಅಂಗಳದಲ್ಲೇ ನಿಂತಳು. "ದೊಡ್ಡಮ್ಮ, ನೀವು ಕೊಟ್ಟ ಸೌತೆ ಬೀಜ ಒಂದೂ ಹುಟ್ಟಲಿಲ್ಲ" ಎಂದಳು. ಎಲ್ಲಿ ಇಟ್ಟಿದ್ದೆ ಮಗಳೇ ಎಂದು ಕೇಳಿದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನ ಮೇಲೆ ಇಟ್ಟಿದ್ದಳಂತೆ. ತರಿಸಿ ನೋಡಿದರೆ ಬೀಜಕ್ಕೆ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಉಪ್ಪೇ ನೀರಾಗುವ ಊರು ನಮ್ಮ ಕಾಸರಗೋಡು. ಬೀಜ ಮಾತ್ರ ಸುಮ್ನೆ ಕೂತಿರಬೇಕಾ?

ಈಗಿನವರಿಗೆ ಬೀಜ ಅಂದರೆ ಪ್ಯಾಕೆಟ್. ಕೊಡುವವರು ಕೊಡುತ್ತಾರೆ, ಅದನ್ನು ನಾನು ಬೇಡ ಅನ್ನುವುದಿಲ್ಲ. ನಮ್ಮ ಕೇರಳದಲ್ಲಿ ಪ್ರತಿ ಪಂಚಾಯತಿಗೂ ಒಂದು ಕೃಷಿ ಭವನ ಇದೆ. ಓಣಕ್ಕೆ ಒಂದು ಮೊರ ತರಕಾರಿ ಎಂಬ ಸರ್ಕಾರದ ಯೋಜನೆಯಲ್ಲಿ ಬೀಜದ ಪ್ಯಾಕೆಟ್, ಸಸಿ ಎಲ್ಲ ಅಲ್ಲಿ ಸಿಗುತ್ತದೆ. ಜಾಗದ ತೀರ್ವೆ (ಕಂದಾಯ) ರಶೀದಿ, ಆಧಾರ್, ಪಾಸ್‌ಬುಕ್ಕಿನ ನಕಲು ಒಂದು ಲಕೋಟೆಯಲ್ಲಿ ಹಾಕಿ ಬಾಗಿಲ ಹಿಂದೆ ನೇತು ಹಾಕಿಡಿ. ಏನು ಕೇಳಿದರೂ ಈ ಮೂರನ್ನೇ ಕೇಳುವುದು. ಪ್ರತಿ ಸಲ ಅಲ್ಲಿಗೆ ಹೋದ ಮೇಲೆ ರಶೀದಿ ನೆನಪಾಗಿ ಬಸ್ಸಿಗೆ ಎರಡು ಸಲ ದುಡ್ಡು ಕೊಡುವವರನ್ನು ನಾನು ಎಷ್ಟೋ ನೋಡಿದ್ದೇನೆ.

ಮಣ್ಣು ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಆದರೆ ಬಚ್ಚಲ ಹಿಂದಿನ ಮಣ್ಣನ್ನು ಒಂದು ಮುಷ್ಟಿ ಹಿಡಿದುಕೊಂಡು ಹೋಗಬೇಡಿ. ನಾಲ್ಕೈದು ಕಡೆ ಗೇಣುದ್ದ ಅಗೆದು, ಎಲ್ಲ ಮಿಶ್ರ ಮಾಡಿ, ನೆರಳಲ್ಲಿ ಒಣಗಿಸಿ, ಅದರಲ್ಲಿ ಒಂದು ಪಾಲು ಕೊಡಬೇಕು. ನಮ್ಮದು ಮುರಕಲ್ಲಿನ ಕೆಂಪು ಮಣ್ಣು, ಹುಳಿ ಜಾಸ್ತಿ. ಹೆಚ್ಚಿನವರಿಗೆ ಸುಣ್ಣ ಹಾಕಿ ಎಂದೇ ಬರುತ್ತದೆ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಸುರಿಯಬೇಡಿ, ನಡುವೆ ಎರಡು ವಾರವಾದರೂ ಬಿಡಿ.

ಈಗ ಬೀಜದ ವಿಷಯ. ಪ್ಯಾಕೆಟ್ ಮೇಲೆ ಹೈಬ್ರಿಡ್ ಅಂತಲೋ ಎಫ್1 ಅಂತಲೋ ಇದ್ದರೆ ಅದರ ಕಾಯಿಯ ಬೀಜ ಇಟ್ಟು ಪ್ರಯೋಜನ ಇಲ್ಲ. ಮುಂದಿನ ವರ್ಷ ಅಜ್ಜನ ಮುಖ ಒಂದಕ್ಕೆ, ಅಜ್ಜಿಯ ಮುಖ ಇನ್ನೊಂದಕ್ಕೆ ಎಂಬ ಹಾಗೆ ತರಹೇವಾರಿ ಕಾಯಿ ಬರುತ್ತದೆ. ಊರಿನ ತಳಿಯದ್ದೇ ಬೀಜ ಇಡಬೇಕು. ಅದರಲ್ಲೂ ಗದ್ದೆಯಲ್ಲಿ ಆಗುವ ಸೌತೆ, ಪೇಟೆಯವರು ಮಂಗಳೂರು ಸೌತೆ ಎನ್ನುತ್ತಾರಲ್ಲ, ಅದು. ಅದರ ಹತ್ತಿರ ಇಬ್ಬುಡ್ಲೆ, ಅಂದರೆ ಕರಬೂಜದ ಜಾತಿಯ ಹಣ್ಣು, ನೆಡಬೇಡಿ. ಎರಡೂ ಒಂದೇ ಜಾತಿಯವು, ಜೇನುಹುಳ ಅತ್ತಿಂದಿತ್ತ ಹಾರಿದರೆ ಬೀಜ ಬೆರಕೆಯಾಗುತ್ತದೆ. ಮುಳ್ಳುಸೌತೆ ಪಕ್ಕದಲ್ಲಿದ್ದರೆ ತೊಂದರೆ ಇಲ್ಲ, ಅದರ ಜಾತಿಯೇ ಬೇರೆ.

ನನ್ನ ಅತ್ತೆ ಬೀಜದ ಕಾಯಿಯನ್ನು ಬಳ್ಳಿಯಲ್ಲಿರುವಾಗಲೇ ಗುರುತು ಮಾಡುತ್ತಿದ್ದರು. ಮೊದಲನೆಯ ಕಾಯಿ ಅಡುಗೆಗೆ, ಕೊನೆಯದು ದನಕ್ಕೆ, ಬೀಜಕ್ಕೆ ನಡುವಿನದು. ಅದಕ್ಕೆ ಬಾಳೆನಾರಿನ ಒಂದು ಗಂಟು ಹಾಕಿಡುತ್ತಿದ್ದರು. ಗಂಟು ಇದ್ದ ಕಾಯಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಯಾರೋ ನೆಂಟರು ಬಂದಾಗ ನಾನು ಹುಳಿ ಮಾಡಲು ಅದನ್ನೇ ಕೊಯ್ದುಬಿಟ್ಟೆ. ಎದುರಲ್ಲಿ ಏನೂ ಹೇಳಲಿಲ್ಲ. ಊಟ ಬಡಿಸುವಾಗ ಮಾತ್ರ ತಮ್ಮ ಬಾಳೆಗೆ ಆ ಹುಳಿ ಹಾಕಿಸಿಕೊಳ್ಳಲಿಲ್ಲ. ಬಳ್ಳಿ ಒಣಗಿ ತೊಟ್ಟು ಕಂದಾದ ಮೇಲೆ ಕಾಯಿ ಕೊಯ್ಯುವುದು. ಬಿಸು ಕಣಿಗೆ, ಅಂದರೆ ಬಿಸು ಹಬ್ಬದ ಬೆಳಿಗ್ಗೆ ಮೊದಲು ಕಣ್ಣಿಗೆ ಬೀಳಲಿ ಎಂದು ಜೋಡಿಸುವ ಮಂಗಳ ವಸ್ತುಗಳ ಜೊತೆ, ಇಡುವುದು ಅದನ್ನೇ. ಹಳದಿಗೆ ತಿರುಗಿ ಫಳಫಳ ಹೊಳೆಯುವ ಸೌತೆ, ಕನ್ನಡಿ, ಬಂಗಾರದ ಸರ, ಹಳದಿ ಕೊನ್ನೆ (ಕಕ್ಕೆ) ಹೂ. ಕಣಿ ತೆಗೆದ ಮೇಲೆ ಆ ಸೌತೆ ಬಾಳೆನಾರಿನಲ್ಲಿ ಅಟ್ಟದ ಕೆಳಗೆ ಹದಿನೈದು ದಿನ ತೂಗುತ್ತದೆ. ಕಾಯಿಗೆ ಕಾಯಿ ತಾಗಬಾರದು, ತಾಗಿದಲ್ಲೇ ಕೊಳೆಯಲು ಸುರು.

ಕೊರೆದ ಕೂಡಲೇ ಒಂದು ಚೂರು ನಾಲಿಗೆಗೆ ಹಚ್ಚಿ. ಕಹಿ ಇದ್ದರೆ ಆ ಕಾಯಿಯ ಬೀಜ ಬೇಡವೇ ಬೇಡ. ಎಷ್ಟು ಚಂದ ಇದ್ದರೂ ಬೇಡ. ಇಲ್ಲದಿದ್ದರೆ ಬರುವ ವರ್ಷ ಇಡೀ ಸಾಲು ಕಹಿಯಾದಾಗ ನನ್ನ ಹತ್ತಿರ ಬಂದು ಅಳಬೇಡಿ.

ತಿರುಳನ್ನು ಬೀಜದ ಸಮೇತ ಮಣ್ಣಿನ ಪಾತ್ರೆಗೆ ಹಾಕಿ, ಸ್ವಲ್ಪವೇ ನೀರು ಎರೆದು, ಒಂದು ಇರುಳು ಹಾಗೇ ಬಿಡಿ. ಬೆಳಿಗ್ಗೆ ಸಣ್ಣಗೆ ಹುಳಿ ವಾಸನೆ ಬರಬೇಕು. ಬೀಜದ ಮೇಲಿನ ಲೋಳೆ ಹೋಗುವುದು ಆ ಹುಳಿಯಿಂದಲೇ. ಎರಡನೆಯ ದಿನಕ್ಕೆ ಬಿಟ್ಟರೆ ಬಿಸಿಲುಗಾಲದಲ್ಲಿ ಅಲ್ಲೇ ಮೊಳಕೆ ಬಂದುಬಿಡುತ್ತದೆ. ಆಮೇಲೆ ಕೈಯಲ್ಲಿ ಹಿಸುಕಿ, ನೀರು ಹೆಚ್ಚು ಹಾಕಿ ಕದಡಿ. ತೇಲಿದ್ದೆಲ್ಲ ಜೊಳ್ಳು, ಚೆಲ್ಲಿ. ಮುಳುಗಿದ್ದನ್ನು ಮೂರು ನೀರಲ್ಲಿ ತೊಳೆದು ಬುಟ್ಟಿಗೆ ಬಸಿಯಿರಿ.

ಬೂದಿಯ ಕೆಲಸ ಇಲ್ಲಿಂದ. ಬಚ್ಚಲ ಒಲೆಯ ಬೂದಿ, ತೆಂಗಿನ ಮಡಲು ಮತ್ತು ಸಿಪ್ಪೆ ಉರಿಸಿದ್ದು. ಹಾಲಿನ ತೊಟ್ಟೆ ಹಾಕಿ ಬೆಂಕಿ ಹಚ್ಚುವ ಅಭ್ಯಾಸ ಇರುವವರು ದಯವಿಟ್ಟು ಆ ಬೂದಿ ಮುಟ್ಟಬೇಡಿ. ಪೂರ್ತಿ ಆರಿದ ಬೂದಿಯನ್ನು ಹಳೆ ಪಂಚೆಯ ತುಂಡಿನಲ್ಲಿ ಜರಡಿ ಹಿಡಿಯಿರಿ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯ ಆಗಬೇಕು. ಬೀಜ ಇನ್ನೂ ಒದ್ದೆ ಇರುವಾಗಲೇ ಅದರ ಮೇಲೆ ಬೂದಿ ಉದುರಿಸಿ, ಎರಡೂ ಅಂಗೈಯಲ್ಲಿ ಮೆಲ್ಲಗೆ ಉಜ್ಜಿ. ಬೀಜ ಒಂದೊಂದೂ ಬೇರೆಬೇರೆಯಾಗಿ, ಬೂದು ಬಣ್ಣದ ಅಂಗಿ ಹಾಕಿದ ಹಾಗೆ ಕಾಣಬೇಕು. ಎಷ್ಟು ಬೂದಿ ಎಂದು ಕೇಳಬೇಡಿ. ಅಂಟುವುದು ನಿಂತಾಗ ಸಾಕು.

ಅತ್ತೆ ಇದನ್ನು ಸೆಗಣಿಗೆ ಒತ್ತಿ ಅಡುಗೆಮನೆಯ ಮಣ್ಣಿನ ಗೋಡೆಗೆ ತಟ್ಟುತ್ತಿದ್ದರು. ಸೌತೆಯದ್ದು ಒಂದು ಸಾಲು, ಕುಂಬಳದ್ದು ಒಂದು, ಹೀರೆಯದ್ದು ಒಂದು. ಹೊಗೆ ತಾಗಿ ಕಪ್ಪಾಗಿ ಅಲ್ಲೇ ಇರುತ್ತಿತ್ತು, ಒಂದು ಹುಳ ಹತ್ತಿರ ಬರುತ್ತಿರಲಿಲ್ಲ. ಈಗ ಗೋಡೆಗೆ ಟೈಲ್ಸ್ ಹಾಕಿದ್ದೀರಿ, ಹೊಗೆಯೂ ಇಲ್ಲ. ಹಾಗಾಗಿ ನಾನು ಗೆರಸೆಗೆ ಹಳೆ ಹತ್ತಿ ಬಟ್ಟೆ ಹಾಸಿ, ಚಾವಡಿಯಲ್ಲಿ ಗಾಳಿ ಆಡುವ ನೆರಳಲ್ಲಿ ಐದಾರು ದಿನ ಹರಡುತ್ತೇನೆ. ಬೆಳಗ್ಗಿನ ಎಳೆ ಬಿಸಿಲು ಒಂದು ಗಳಿಗೆ ತೋರಿಸಿದರೆ ಅಡ್ಡಿಯಿಲ್ಲ. ಪೇಪರ್ ಮೇಲೆ ಹಾಕಬೇಡಿ, ಅಂಟಿ ಸಿಪ್ಪೆ ಕೀಳುತ್ತದೆ.

ನನ್ನ ಸೊಸೆ ಮೊದಲ ವರ್ಷ ಟೆರೇಸಿನ ಸಿಮೆಂಟಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ, ಹಲಸಿನ ಹಪ್ಪಳದ ಪಕ್ಕದಲ್ಲೇ ಹರಡಿದ್ದಳು. ಹಪ್ಪಳಕ್ಕೆ ಆ ಸುಡು ಬಿಸಿಲು ಬೇಕು ನಿಜ. ಅದನ್ನೂ ಓಲೆ ಚಾಪೆಯ ಮೇಲೆ ಒತ್ತಿ ಒಂದು ಬದಿ ಬಿಸಿಲಿಗೆ ಆರಿದ ಕೂಡಲೇ ತಿರುವಬೇಕು, ಸಂಜೆಗೆ ಬಿಟ್ಟರೆ ಅಂಚು ಸುರುಳಿ ಸುತ್ತಿ ಡಬ್ಬಿಯಲ್ಲಿ ಪುಡಿಪುಡಿ. ಬಿಸಿ ಆರದೆ ಮುಚ್ಚಳ ಹಾಕಿದರೆ ಅದೂ ಬೂಷ್ಟು. ಹಪ್ಪಳ ಸತ್ತ ವಸ್ತು, ಬೀಜಕ್ಕೆ ಒಳಗೆ ಜೀವ ಇದೆ. ಸುಡುವ ಸಿಮೆಂಟಿನ ಮೇಲೆ ನೀವು ಮಲಗುತ್ತೀರಾ?

ಒಣಗಿದೆಯೋ ಇಲ್ಲವೋ ನೋಡಲು ಒಂದು ಬೀಜವನ್ನು ಉಗುರಿನಲ್ಲಿ ಬಗ್ಗಿಸಿ. ಟಕ್ ಎಂದು ಮುರಿಯಬೇಕು. ಬಾಗಿದರೆ ಇನ್ನೂ ಎರಡು ದಿನ ಬೇಕು. ಗಾಜಿನ ಬಾಟಲಿಯ ಅಡಿಗೆ ಎರಡು ಬೆರಳು ಬೂದಿ, ಮೇಲೆ ಬಟ್ಟೆಯ ಸಣ್ಣ ಚೀಲದಲ್ಲಿ ಬೀಜ, ಅದರ ಮೇಲೆ ಮತ್ತೆ ಬೂದಿ, ಗಟ್ಟಿ ಮುಚ್ಚಳ. ಬೂದಿಯನ್ನು ಬಾಣಲೆಯಲ್ಲಿ ಒಮ್ಮೆ ಬಿಸಿ ಮಾಡಿ, ಪೂರ್ತಿ ಆರಿಸಿ ಹಾಕಿದರೆ ಒಳಗಿನ ತೇವವನ್ನು ಅದೇ ಎಳೆದುಕೊಳ್ಳುತ್ತದೆ. ಹೆಸರು ಬರೆಯಿರಿ. ಪತ್ತನಾಜೆಗೆ ಮೊದಲು ಇದೆಲ್ಲ ಮುಗಿದಿರಬೇಕು. ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಹೊತ್ತು. ಕಾಸರಗೋಡು ಜಿಲ್ಲೆ ಆದದ್ದೂ 1984ರ ಮೇ 24ಕ್ಕೆ, ಹಾಗಾಗಿ ನನಗೆ ಆ ತಾರೀಕು ಮರೆಯುವುದಿಲ್ಲ. ಆ ಹೊತ್ತಿಗೆ ಬೆಂಡೆ, ಹೀರೆ, ಹರಿವೆ ಬೀಜ ಮಣ್ಣಿಗೆ ಹೋಗಬೇಕು, ಸೌತೆಯ ಬಾಟಲಿಗೆ ಮುಚ್ಚಳ ಬೀಳಬೇಕು. ಮಳೆಗಾಲದಲ್ಲಿ ಹೇಗಿದೆ ನೋಡೋಣ ಎಂದು ಮುಚ್ಚಳ ತೆಗೆಯಬೇಡಿ. ನೋಡಲು ಅಲ್ಲಿ ಸಿನೆಮಾ ಇಲ್ಲ.

ಬಿತ್ತುವ ಒಂದು ವಾರ ಮೊದಲು ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ. ಎರಡು ಮೂರೇ ಬಂದರೆ ಬೇರೆಯವರ ಹತ್ತಿರ ಕೇಳಲು ಇನ್ನೂ ಸಮಯ ಇರುತ್ತದೆ. ಕೇಳುವುದು ಎಲ್ಲಿ ಅಂದರೆ, ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯಲ್ಲಿ. ವಾರಕ್ಕೊಮ್ಮೆ ಸೇರುತ್ತೀರಿ, ಸಾಲದ ಲೆಕ್ಕ ಬರೆಯುತ್ತೀರಿ, ಚಾ ಕುಡಿಯುತ್ತೀರಿ. ನಾಲ್ಕೈದು ಜನ ಸೇರಿ ಹಡಿಲು ಬಿದ್ದ ಗದ್ದೆ ಗೇಣಿಗೆ ಹಿಡಿದು ತರಕಾರಿ ಮಾಡಲು ಬ್ಯಾಂಕಿನ ಸಾಲವೂ ಸಿಗುತ್ತದೆ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ, 1916ರಲ್ಲಿ ಸುರುವಾದದ್ದು, ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ತರಬೇತಿ ಇದ್ದರೆ ಹೋಗಿ. ಹೋಗಿ ಫೋಟೋ ಮಾತ್ರ ತೆಗೆದುಕೊಂಡು ಬರಬೇಡಿ.

ಅಂಗಡಿಯಲ್ಲಿ ತರಕಾರಿ ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ ಎನ್ನುವವರು ಇದ್ದಾರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಸುಪ್ರೀಂ ಕೋರ್ಟು ದೇಶದಲ್ಲೇ ಆ ಕೀಟನಾಶಕವನ್ನು ನಿಷೇಧಿಸಿದ್ದು 2011ರಲ್ಲಿ. ವಿಷ ಅಂದರೆ ಏನು ಎಂದು ಇಲ್ಲಿ ಯಾರಿಗೂ ಪಾಠ ಬೇಡ. ಮನೆಯ ಸೌತೆಯನ್ನು ಸಿಪ್ಪೆ ಸಮೇತ ಹುಳಿಗೆ ಹಾಕಬಹುದು, ತಿರುಳನ್ನು ಬೆಳ್ತಿಗೆ ಅಕ್ಕಿಯ ಜೊತೆ ಅರೆದು ದೋಸೆ ಮಾಡಬಹುದು. ಮಕ್ಕಳು ಬೇಡ ಅನ್ನುವುದಿಲ್ಲ, ಬೆಲ್ಲ ಸ್ವಲ್ಪ ಹಾಕಿ.

ಪಕ್ಕದ ಮನೆಯವಳಿಗೆ ಮತ್ತೆ ಬೀಜ ಕೊಟ್ಟಿದ್ದೇನೆ, ಈ ಸಲ ಬೂದಿ ತುಂಬಿದ ಬಾಟಲಿಯ ಸಮೇತ. ಬೀಜ ವಾಪಸ್ ಕೊಡುವುದು ಬೇಡ, ಬಾಟಲಿ ತಾ ಎಂದು ಹೇಳಿದ್ದೇನೆ. ಹೋದ ವರ್ಷ ಕೊಟ್ಟ ಮೂರು ಹಾರ್ಲಿಕ್ಸ್ ಬಾಟಲಿ ಇನ್ನೂ ಯಾರ ಮನೆಯಲ್ಲಿ ಇದೆಯೋ.